ಕೇಳುಕೋಲು

ರಾತ್ರಿ ಎರಡು ದಾಟಿ, ಬಸ್ಸುಗಳೆಲ್ಲ ಮಲಗಿದ ಮೇಲೆ
ಚಾಮರಾಜಪೇಟೆಯ ಐದನೇ ಮುಖ್ಯರಸ್ತೆಯಲ್ಲಿ
ಚೌಡಪ್ಪ ಕಬ್ಬಿಣದ ಕೋಲನ್ನು ನೆಲಕ್ಕೆ ಊರಿ
ತುದಿಗೆ ಕಿವಿಯಿಟ್ಟು ನಿಲ್ಲುತ್ತಾನೆ.
ಎಲ್ಲೋ ಕೆಳಗೆ ಪೈಪು ಒಡೆದಿದೆ.
ಎಲ್ಲಿ ಎಂಬುದೇ ಕೆಲಸ.

ಟಾರ್ಚು ನನ್ನ ಕೈಲಿ. ಸೇರಿ ಹನ್ನೊಂದು ದಿನ.
"ಉಸಿರು ಬಿಗಿಹಿಡಿ ತಾಯಿ," ಅನ್ನುತ್ತಾನೆ,
"ನಿನ್ನ ಉಸಿರೇ ದೊಡ್ಡ ಸೋರಿಕೆ."

ಮೂವತ್ತು ವರ್ಷದ ಜೊತೆಗಾರ ಅಂತೋಣಪ್ಪ
ಗುದ್ದಲಿ ಕಾವಿಗೆ ಗದ್ದ ಊರಿ
ನಿನ್ನೆ ಬಿಟ್ಟಲ್ಲಿಂದ ಶುರು ಮಾಡುತ್ತಾನೆ:
"ಕಾಣದ ನೀರನ್ನ ನಂಬ್ತೀಯ. ಕಾಣದೋನನ್ನ ಯಾಕೆ ನಂಬಲ್ಲ?"
"ನೀರು ನಂಬಿಕೆ ಅಲ್ಲ ಕಣಯ್ಯ, ಅನುಮಾನ.
ಅಗೆದ್ರೆ ತೀರುತ್ತೆ. ನಿನ್ನೋನನ್ನ ಎಲ್ಲಿ ಅಗೀಲಿ?"
"ಅಗೆಯೋಕ್ಮುಂಚೆ ಕೇಳಿಸ್ತಲ್ಲ, ಅದು?"
"ಕೇಳಿಸಿದ್ದು ಸದ್ದು. ನೀರು ಅಂದಿದ್ದು ನಾನು."

ನಾಯಿಯೊಂದು ಬಂದು ಇಬ್ಬರನ್ನೂ ಮೂಸಿ
ತೀರ್ಪು ಕೊಡದೆ ಹೋಯಿತು.

ಚೌಡಮ್ಮನ ಹರಕೆಗೆ ಹುಟ್ಟಿದ ಚೌಡಪ್ಪ
ಅವಳನ್ನು ಬಿಟ್ಟು ನಲವತ್ತು ವರ್ಷ.
ಸಂಬಳದ ಚೀಟಿಯಲ್ಲಿ ಅವಳು ಅವನನ್ನು ಬಿಟ್ಟಿಲ್ಲ.

ಅಂತೋಣಪ್ಪನದೂ ಸಲೀಸಲ್ಲ.
ಮಗಳ ಜ್ವರದ ಏಳು ರಾತ್ರಿ
ದೊಡ್ಡಾಸ್ಪತ್ರೆಯ ವರಾಂಡದಲ್ಲಿ ಕೇಳಿದ.
ಬೇಡಿದ್ದೂ ಕೇಳಿದ್ದೇ, ಕಿವಿಗೊಟ್ಟಿದ್ದೂ ಕೇಳಿದ್ದೇ;
ಯಾವುದಕ್ಕೂ ಉತ್ತರ ಬರಲಿಲ್ಲ.
"ಬರಲಿಲ್ಲ ಅಂದ್ರೆ ಇಲ್ಲ ಅಂತಲ್ಲ," ಅನ್ನುತ್ತಾನೆ.
ಆಗ ಮಾತ್ರ ಚೌಡಪ್ಪ ವಾದಿಸುವುದಿಲ್ಲ.
ಬೀಡಿ ಕೊಡುತ್ತಾನೆ.

"ಇಲ್ಲಿ," ಅಂದ. ಸುಣ್ಣದಲ್ಲಿ ಗುರುತು ಹಾಕಿ ಅಗೆದೆವು.
ಡಾಂಬರು, ಅದರಡಿ ಇನ್ಯಾರದೋ ಕಾಲದ ಡಾಂಬರು, ಜಲ್ಲಿ,
ಆಮೇಲೆ ಕೆಮ್ಮಣ್ಣು, ಹುರಿಹಿಟ್ಟಿನ ಹಾಗೆ ಒಣ ಒಣ.
ಪೈಪು ಇತ್ತು. ಗಟ್ಟಿಯಾಗಿತ್ತು. ಬಿರುಕಿರಲಿಲ್ಲ.

ಅಂತೋಣಪ್ಪ ನಗಲಿಲ್ಲ.
ಚೌಡಪ್ಪ ಕೋಲನ್ನು ನನ್ನ ಕೈಗಿಟ್ಟ:
"ನೀ ಕೇಳು. ನನ್ನ ಕಿವಿ ಹಳೇದಾಯ್ತು."

ಕಿವಿಯಿಟ್ಟೆ. ಸುಂಯ್ ಅನ್ನುತ್ತಿದೆ.
ನೀರೋ, ದೂರದ ಲಾರಿಯೋ,
ನನ್ನದೇ ನೆತ್ತರೋ, ಹೇಳಲಾರೆ.
ಮೂವತ್ತು ವರ್ಷದ ವ್ಯಾಜ್ಯ
ನನ್ನ ಕಿವಿಯೊಳಗೆ ಇತ್ಯರ್ಥವಾಗುವುದೇನೋ ಎಂಬಂತೆ
ಇಬ್ಬರೂ ನನ್ನ ಮುಖ ನೋಡುತ್ತಿದ್ದಾರೆ.

"ಏನೋ ಇದೆ," ಅಂದೆ.

"ಏನೋ ಅಂದ್ರೆ?"
ಇಬ್ಬರೂ ಒಟ್ಟಿಗೆ, ಮೊದಲ ಸಲ.

ಗುಂಡಿ ಮುಚ್ಚಿ ಮೂರಡಿ ಆಚೆ ಸರಿದೆವು.
ಒಬ್ಬ ಕೋಲು ಊರಿದ.
ಒಬ್ಬ ಉಸಿರು ಬಿಗಿಹಿಡಿದ.