ನೂರಾ ಎರಡು

ರಾತ್ರಿ ಒಂದೂ ಹತ್ತಕ್ಕೆ ಲಗೇಜ್ ಆಟೊದಲ್ಲಿ ಬಂದ,
ಭತ್ತದ ಚೀಲದ ಮೇಲೆ ಕೌದಿ, ಕೌದಿಯ ಮೇಲೆ ಉಜ್ಜಿನಪ್ಪ.
ಕಕ್ಕರಗೊಳ್ಳದ ಕಡೆ ಭದ್ರಾ ಚಾನಲ್ಲಿನ ಸೌಡಿ,
ಅರವತ್ತೆಂಟಾದರೂ ದಿನಗೂಲಿ.
ಬಲಗಾಲಿಗೆ ಇಪ್ಪತ್ತೆರಡು ದಿನದ ಪ್ಲಾಸ್ಟರು,
ಅದರ ಮೇಲೆ ಮೊಮ್ಮಗಳು ಪೆನ್ನಿನಲ್ಲಿ ಬರೆದ ಮೀನು.

'ಎದಿ ಹಿಡ್ಕಂಡೈತಿ' ಅಂದ.
ಮುಂದಿನ ಮಾತಿಗೆ ಗಾಳಿ ಸಾಲಲಿಲ್ಲ.

ನಾಡಿ ನೂರಾ ಹದಿನೆಂಟು.
ಆಮ್ಲಜನಕ ಎಂಬತ್ತೇಳು.
ಒತ್ತಡ ನೂರಾ ಎರಡು.
ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶದ ಹೆಬ್ಬಾಗಿಲಿಗೆ
ಕಾಲಿನಿಂದ ಎದ್ದು ಬಂದು ಅಡ್ಡ ಬಿದ್ದ ಹೆಪ್ಪು,
ಬಿಳಿ ಹರಿವಿನ ನಡುವೆ ಬೂದಿ ಬಣ್ಣದ ಕಟ್ಟೆ.
ಎಕೋದಲ್ಲಿ ಹೃದಯದ ಬಲಕೋಣೆ ಉಬ್ಬಿ
ಎಡದ್ದನ್ನು ಒತ್ತಿಕೊಂಡು ಕೂತಿದೆ,
ಬಸ್ಸಿನ ಸೀಟಿನಲ್ಲಿ ಮೂಟೆ ಇಟ್ಟುಕೊಂಡವನ ಹಾಗೆ.
ಟ್ರೋಪೋನಿನ್ನೂ ಏರಿದೆ.

ಪುಸ್ತಕ ಇಂಥವನನ್ನು ಕೂರಿಸುವುದು
'ಮಧ್ಯಮ ಅಪಾಯ, ಆದರೆ ಮೇಲ್ದರ್ಜೆ' ಎಂಬ ಸಾಲಿನಲ್ಲಿ.
ಒತ್ತಡ ತೊಂಬತ್ತರ ಕೆಳಗೆ ಬಿದ್ದು ಅಲ್ಲೇ ಕೂತಿದ್ದರೆ
ಯೋಚನೆಯೇ ಇರಲಿಲ್ಲ,
ಹೆಪ್ಪು ಕರಗಿಸುವ ಮದ್ದು, ತಕ್ಷಣ.
ಹೃದಯ ಆರಾಮಿದ್ದಿದ್ದರೆ
ಮಾತ್ರೆ ಬರೆದು ವಾರ್ಡಿಗೆ ಕಳಿಸಿ ನಾನೂ ಮಲಗುತ್ತಿದ್ದೆ.
ನೂರಾ ಎರಡು.
ಈ ಹನ್ನೆರಡು ಅಂಕಿಯ ದಂಡೆಯ ಮೇಲೆ
ಇಡೀ ರಾತ್ರಿ ಕಾಲೂರಬೇಕು.

ಹೋದ ವರ್ಷ, ಇದೇ ಮೂರನೇ ಮಂಚ.
ಹೊಂಡದ ಸರ್ಕಲ್ಲಿನ ಹೊಲಿಗೆಯ ಶಂಶಾದ್.
ಅವಸರ ನನ್ನದು. ಕೊಟ್ಟೆ.
ಉಸಿರು ತಿಳಿಯಾಯಿತು, ನಕ್ಕರು, ಚಹಾ ಕೇಳಿದರು.
ಆರನೇ ತಾಸಿಗೆ ನಾಲಿಗೆ ತೊದಲಿತು.
ತಲೆಯೊಳಗೆ ರಕ್ತ.
ಬೇಡದ ಹೆಪ್ಪು ಯಾವುದು, ಬೇಕಾದ ಹೆಪ್ಪು ಯಾವುದು,
ಆ ಮದ್ದಿಗೆ ಗೊತ್ತಾಗುವುದಿಲ್ಲ.
ಉಜ್ಜಿನಪ್ಪನಿಗೂ, ತೂಬಿನ ಮೆಟ್ಟಿಲು ಜಾರಿದ ದಿನ
ಹಣೆಗೆ ಐದು ಹೊಲಿಗೆ ಬಿದ್ದಿವೆ.

ಮಗಳು ಕೊಟ್ರೇಶ್ವರಿ ಎರಡೂ ಕಿವಿಯ ಓಲೆ ಬಿಚ್ಚಿ
ಮುಷ್ಟಿಯಲ್ಲಿ ಹಿಡಿದು ನಿಂತಿದ್ದಾಳೆ.
'ಆ ದೊಡ್ಡ ಇಂಜೆಕ್ಷನ್ ಯಾಕೆ ಹಾಕವಲ್ರಿ ಮೇಡಂ?
ದುಡ್ಡಿನ ಸಲುವಾಗೇನ್ರಿ?'

ದುಡ್ಡಿನ ಮಾತಲ್ಲಮ್ಮ.
ನೂರು ಜನರಿಗೆ ಕೊಟ್ಟರೆ
ಇಬ್ಬರಿಗೆ ಮಿದುಳಲ್ಲಿ ರಕ್ತ.
ಕೊಡದೆ ಕಾದರೆ ನೂರರಲ್ಲಿ ಐದು ಮಂದಿ ಕುಸಿಯಬಹುದು,
ಕುಸಿಯುವುದು ಕಂಡ ಗಳಿಗೆಗೆ ಕೊಡಬಹುದು.

'ನಮ್ಮಪ್ಪ ಒಬ್ನೇ ಅದಾನ್ರಿ,' ಅಂದಳು,
'ನೂರು ಮಂದಿನ ಎಲ್ಲಿಂದ ತರ್ಲಿ?'

ನನ್ನ ಹತ್ತಿರ ಉತ್ತರ ಇರಲಿಲ್ಲ.
ಹೆಪಾರಿನ್ ಹಚ್ಚಿದೆ.
ಅದು ಕರಗಿಸುವುದಿಲ್ಲ,
ಕಟ್ಟಿದ ಕಸಕ್ಕೆ ಹೊಸ ಕಡ್ಡಿ ಸೇರದಂತೆ ಕಾಯುತ್ತದೆ.
ಕರಗಿಸಬೇಕಾದ್ದು ಅವನ ಮೈಯೇ, ಅದರ ವೇಳೆಗೆ.
ಆ ಇನ್ನೊಂದು ಬಾಟಲಿಯನ್ನು ಸಿಸ್ಟರ್ ಫಿಲೋಮಿನಾ
ತಲೆದಿಂಬಿನ ಬದಿಯ ಟ್ರೇನಲ್ಲಿ ತಂದಿಟ್ಟರು, ಮುಚ್ಚಳ ತೆಗೆಯದೆ.

ಉಜ್ಜಿನಪ್ಪ ಮಾಸ್ಕ್ ಸರಿಸಿ ಮಾನಿಟರಿನತ್ತ ಬೆರಳು ಮಾಡಿದ.
'ಅದು... ಗೇಜೇನ್ರಿ?'
ಹೌದು, ಗೇಜು.
'ಎಷ್ಟಕ್ಕ... ಒಡೀತತಿ?'
ತೊಂಬತ್ತು, ಅಂದೆ. ಸುಳ್ಳು ಹೇಳಲು ಬರಲಿಲ್ಲ.
ಮೂವತ್ತು ವರ್ಷ ಏರಿಯ ಮೇಲೆ ನಿದ್ದೆಗೆಟ್ಟವನು
ಕಣ್ಣು ಮುಚ್ಚಿದ.
'ಹಂಗಾರೆ ಗೇಜು ಬಿಟ್ಟು ಏಳಬ್ಯಾಡ್ರಿ.'

ಏಳಲಿಲ್ಲ.
ಎರಡೂ ನಲವತ್ತಕ್ಕೆ ತೊಂಬತ್ತೆಂಟು.
ಮೂರೂ ಹದಿನೈದಕ್ಕೆ ತೊಂಬತ್ತಮೂರು,
ನನ್ನ ಹೆಬ್ಬೆರಳು ಬಾಟಲಿಯ ಮುಚ್ಚಳದ ಅಂಚಿನಲ್ಲಿ.
ಮತ್ತೆ ಅಳೆದೆ. ತೊಂಬತ್ತಮೂರು.
ಮತ್ತೆ.
ತೊಂಬತ್ತಾರು.
ಶಂಶಾದ್ ಚಹಾ ಕೇಳಿದ ದನಿ ಕಿವಿಯಲ್ಲೇ ಇತ್ತು.

ಮಂಡಕ್ಕಿ ಭಟ್ಟಿಗಳ ಹೊಗೆ ಕಿಟಕಿಗೆ ಬರುವ ಹೊತ್ತಿಗೆ
ನೂರಾ ಎಂಟು. ನಾಡಿ ತೊಂಬತ್ತೊಂಬತ್ತು.
ನಾನು ಸರಿಯಾಗಿ ಆರಿಸಿದೆ ಅಂತಲ್ಲ.
ಈ ರಾತ್ರಿ ಅವನು ಆ ಐವರೊಳಗೆ ಬೀಳಲಿಲ್ಲ, ಅಷ್ಟೆ.
ಇನ್ನೂ ಎರಡು ದಿನ ಇದೆ.

ಪ್ಲಾಸ್ಟರಿನ ಮೇಲಿನ ಮೀನು ಬೆವರಿಗೆ ಸ್ವಲ್ಪ ಕದಡಿದೆ.
ಕೊಟ್ರೇಶ್ವರಿ ಒಂದು ಕಿವಿಗೆ ಓಲೆ ಸಿಕ್ಕಿಸಿಕೊಂಡಿದ್ದಾಳೆ.
ಇನ್ನೊಂದು
ಮುಷ್ಟಿಯಲ್ಲೇ.