ಮೂಗು: ಉಮ್ಮರಬ್ಬ

ಇದು ಲೆಕ್ಕದ ಪುಸ್ತಕವೇ. ಅಡ್ಡಗೆರೆ, ಉದ್ದಗೆರೆ,
ಕ್ಯಾಂಟೀನಿನ ಸಾಲ ಬರೆಯಲು ತಂದದ್ದು.
ಈಗ ಎಡಕ್ಕೆ ದಿನಾಂಕ, ನಡುವೆ ಬಾಟಲಿಯ ಹೆಸರು,
ಬಲತುದಿಗೆ ಹತ್ತಕ್ಕೆ ಎಷ್ಟು ಎಂಬ ಅಂಕ.

ಹಗಲು ನಾನು ನೀರು ಕುಡಿಯುವವ, ಸಂಬಳಕ್ಕೆ.
ಉಪ್ಪು ತೆಗೆದ ಕಡಲನ್ನು ಗಂಟೆಗೊಮ್ಮೆ ಲೋಟದಲ್ಲಿ ಹಿಡಿದು
ರುಚಿ ಇಲ್ಲ, ವಾಸನೆ ಇಲ್ಲ ಎಂದು ಸಹಿ ಹಾಕಬೇಕು.
ಹನ್ನೊಂದು ವರ್ಷ 'ಇಲ್ಲ' ಎಂದು ಬರೆದ ಕೈಗೆ
ವಾರಕ್ಕೊಂದು ರಾತ್ರಿ 'ಇದೆ' ಎಂದು ಬರೆಯುವ ಚಟ.

ರಾಸ್ ಅಲ್ ಖೈಮಾದ ಆಚೆ, ಹೆದ್ದಾರಿ ಬದಿಯ ಅಂಗಡಿ. ಕೆಳಗಿನ ಕಪಾಟು.
ಸಣ್ಣ ಭಟ್ಟಿಗಳ ಬಿಯರು, ಒಂದೇ ಒಂದು ಬಾಟಲಿ,
ಪತ್ರಿಕೆ ಸುತ್ತಿ, ಮೇಲೆ ಈರುಳ್ಳಿ ಹೇರಿದ ಚೀಲದಲ್ಲಿ
ನಖೀಲಿನ ಮೂರನೇ ಮಹಡಿಗೆ.
ಬಾಲ್ಕನಿ ನನ್ನದು, ಕೋಣೆ ಉಮ್ಮರಬ್ಬನದು. ಹಾಗೆಂದು ಕರಾರು.

ಅವನು ಸೂಕಿನ ಅತ್ತರಿನ ಅಂಗಡಿಯಲ್ಲಿ ಊದು ತೂಗುವವ.
ಒಂದು ತೊಟ್ಟು ಕುಡಿದವನಲ್ಲ, ಕುಡಿಯುವವನೂ ಅಲ್ಲ.
ಆದರೆ ಬಾಗಿಲ ಒಳಗೆ ಚಾಪೆಯ ಮೇಲೆ ಕಾಲು ಚಾಚಿ
"ಓದು ದೇಜಪ್ಪಣ್ಣ, ಈ ವಾರದ್ದು" ಎನ್ನುತ್ತಾನೆ.
ಓದುತ್ತೇನೆ:

ನವೆಂಬರ್ ಏಳು. ಬೆಲ್ಜಿಯಂ ಕಡೆಯದು. ಬಣ್ಣ, ಗಂಜಿ ತಿಳಿ.
ಮೊದಲು ಲವಂಗ, ಆಮೇಲೆ ಕಳಿತ ಕದಳಿ ಬಾಳೆ. ಆರೂವರೆ.

ನವೆಂಬರ್ ಹದಿನಾಲ್ಕು. ಕಪ್ಪು. ಸುಟ್ಟ ಹಲಸಿನ ಬೀಜದ ಸಿಪ್ಪೆ,
ತಳದಲ್ಲಿ ಓಲೆಬೆಲ್ಲ. ನೊರೆ ಬೇಗ ಇಳಿಯಿತು. ಎಂಟು.

ನವೆಂಬರ್ ಇಪ್ಪತ್ತೊಂದು. ಗೇರುಹಣ್ಣಿನ ಒಗರು, ನಾಲಗೆ ದೊರಗು,
ಗಂಟಲಲ್ಲಿ ಕಹಿ ಕೂತಿದೆ, ಎಬ್ಬಿಸಿದರೂ ಏಳುತ್ತಿಲ್ಲ.
ಚೀಟಿಯಲ್ಲಿ ಕಂಪೆನಿ ಏನೇ ಬರೆಯಲಿ, ನನಗದು ಗೇರುಹಣ್ಣೇ. ಒಂಬತ್ತು.

"ಕಹಿಗೆ ಒಂಬತ್ತಾ?" ಅವನ ತಕರಾರು.
"ನಿನ್ನ ಊದಿಗೂ ಸುಟ್ಟರೆ ತಾನೇ ಬೆಲೆ" ಎಂದೆ.
ಒಪ್ಪಲಿಲ್ಲ. ನಕ್ಕ.

ಜನವರಿಯಲ್ಲಿ ಮಂಜು. ಜೈಸ್ ಬೆಟ್ಟ ಮೂರು ದಿನ ಕಾಣಲಿಲ್ಲ.
ಜ್ವರ ಬಿಟ್ಟಿತು, ಹೋಗುವಾಗ ಮೂಗನ್ನೂ ಕೊಂಡುಹೋಯಿತು.
ಚಹಾ ನೀರು. ಮೀನುಸಾರು ನೀರು. ನಿಂಬೆ ಉಪ್ಪಿನಕಾಯಿ
ಕಣ್ಣಿಗೆ ಮಾತ್ರ ಹಳದಿ.
ಲ್ಯಾಬಿನಲ್ಲಿ ಎಲ್ಲಕ್ಕೂ 'ಇಲ್ಲ' ಎಂದು ಸಹಿ ಹಾಕಿದೆ.
ಸುಳ್ಳಲ್ಲ ಅದು; ನಿಜವೆಂದು ನನಗೆ ಹೇಗೆ ಗೊತ್ತು?

ಗುರುವಾರ ತಂದ ಬಾಟಲಿ ತೆರೆದೆ. ಸುಯ್ ಎಂದಿತು. ಅಷ್ಟೇ.
ದಿನಾಂಕ ಬರೆದು ಪೆನ್ನು ಹಿಡಿದು ಕೂತೇ ಇದ್ದೆ.

ಚಾಪೆ ಸರಿದ ಸದ್ದು.
ಇಶಾ ನಮಾಜು ಮುಗಿಸಿದವನು ಬಾಗಿಲ ಚೌಕಟ್ಟಿಗೆ ಒರಗಿ
"ಲೋಟ ಅಲ್ಲೇ ಇರಲಿ, ಕಟ್ಟೆಯ ಮೇಲೆ. ನಾನು ಮುಟ್ಟುವುದಿಲ್ಲ.
ಗಾಳಿ ತಾನಾಗಿ ಈ ಕಡೆ ಬಂದರೆ ನಾನೇನು ಮಾಡಲಿ?"
ಕಣ್ಣು ಮುಚ್ಚಿದ, ಅಂಗಡಿಯಲ್ಲಿ ಗಿರಾಕಿಯ ಎದುರು ಮುಚ್ಚುವ ಹಾಗೆ.

"ಬರಿ.
ನೆನೆದ ಗೋಣಿ. ಅಕ್ಕಿಯದಲ್ಲ, ಕರಿಮೆಣಸಿನದು.
ಕಿಸೆಯಲ್ಲಿ ಮರೆತ ಕಿತ್ತಳೆ ಸಿಪ್ಪೆ, ಎರಡು ದಿನದ್ದು.
ತಡಿ… ಸ್ಲೇಟು. ಎಂಜಲು ಹಚ್ಚಿ ಒರೆಸಿದ ಸ್ಲೇಟು.
ನನ್ನ ಸಫಿಯಾ ಹಾಗೇ ಒರೆಸುತ್ತಿದ್ದಳು, ಬೈದರೂ."
ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ.
ಸಫಿಯಾಳಿಗೆ ಈಗ ನಿಕಾಹಿನ ಮಾತು ನಡೆದಿದೆ;
ರಜೆಯೆಲ್ಲ ಕೂಡಿಸಿದರೆ ಅವನು ಅವಳ ಜೊತೆ ಇದ್ದದ್ದು
ಹದಿನಾಲ್ಕು ತಿಂಗಳು.

ಜನವರಿ ಇಪ್ಪತ್ತಮೂರು. ನಾಲಗೆ: ದೇಜಪ್ಪ, ತಣ್ಣಗಿದೆ ಎಂಬುದಷ್ಟೇ.
ಮೂಗು: ಉಮ್ಮರಬ್ಬ. ಅಂಕ ಹಾಕಿಲ್ಲ.

ಮಾರ್ಚಿಗೆ ನನ್ನದು ಮರಳಿತು, ಅರ್ಧಂಬರ್ಧ.
ಮೊದಲು ಬಂದದ್ದು ಅವನ ಅಂಗಿಯ ಊದು, ಆಮೇಲೆ ಲಿಫ್ಟಿನ ಫಿನಾಯಿಲು.
ಪುಸ್ತಕದಲ್ಲಿ ಮೂಗಿನ ಕಾಲಂ ಹಾಗೇ ಉಳಿಯಿತು.

ನಿನ್ನೆ ಅವನೇ ಒಂದು ಡಬ್ಬಿ ತಂದ, ಅಮಲಿಲ್ಲದ ಬಾರ್ಲಿ ಪಾನೀಯ,
ಬಕಾಲದಲ್ಲಿ ಎರಡೂವರೆ ದಿರ್ಹಮಿನದು.
ಕರಾರು ಮುರಿದು ಬಾಲ್ಕನಿಗೇ ಬಂದು ಕೂತ.
ಲೋಟ ಬೆಳಕಿಗೆ ಹಿಡಿದು, ನನ್ನ ಹಾಗೇ ಅಲ್ಲಾಡಿಸಿ,
ಒಂದು ಗುಟುಕು ಬಾಯಲ್ಲಿ ಆಡಿಸಿ, ನುಂಗಿ, ಮುಖ ಕಿವುಚಿ:
"ಬರಿ. ಪಾತ್ರೆ ತೊಳೆದ ನೀರು, ಮೇಲೆ ಒಂದು ಚಿಟಿಕೆ ಸಕ್ಕರೆ.
ಹತ್ತಕ್ಕೆ ಎರಡು.
ಅಲ್ಲ, ಎರಡೂವರೆ. ದುಡ್ಡು ಕೊಟ್ಟಿದ್ದೇನೆ."