ಟೇಪಿನ ಆ ತುದಿ

ಹಳೇ ದಾವಣಗೆರೆ. ಮಂಡಕ್ಕಿ ಭಟ್ಟಿಯ ಹೊಗೆ
ಕಿಟಕಿಗೆ ಬರುವ ಮೊದಲೇ ಎಂಜಿನಿಯರ್ ಬಂದರು.
ಮೂರು, ನಾಲ್ಕು, ಐದು ಎಲ್ಲ ಒಂದೇ ಕೋಣೆ;
ಅರವತ್ತೊಂದು ಮಕ್ಕಳನ್ನು ಅಂಗಳಕ್ಕೆ ಕಳಿಸಿದೆ.

ಖಾಲಿಯಾದದ್ದೇ ಕೋಣೆ
ಎಷ್ಟು ದೊಡ್ಡದಾಯಿತೆಂದರೆ
ನಾನೇ ಸುಳ್ಳು ಅರ್ಜಿ ಬರೆದೆನೇನೋ ಅನ್ನಿಸಿತು.
“ಅಗಲ ಐತಲ್ಲ ಮೇಡಂ” ಅಂದರು.

ನಕ್ಷೆಯಲ್ಲಿ ಎರಡು ಹೊಸ ಕೋಣೆ, ಒಂದು ಮೆಟ್ಟಿಲು,
ಬೇವಿನ ಮರವಿದ್ದಲ್ಲಿ ಕಂಬದ ಚುಕ್ಕೆ.
ಮರದಡಿಯ ಎರಡನೇ ತರಗತಿಯನ್ನು
ಕಟ್ಟಿ ಮುಗಿಯುವತನಕ ಎಲ್ಲಿಡಲಿ?
ಅವರು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿದರು.

ಟೇಪಿನ ಆ ತುದಿ ಹಿಡಿದವಳು ಐದನೇ ತರಗತಿಯ ಮುಬೀನಾ.
“ಆಯ್ತು, ಬಿಡವ್ವ” ಅಂದರೂ ಬಿಡಳು.

“ಹೊಸ್ತಿಲು ಬಿಟ್ಟೀರಿ ಸಾರ್,
ಅಲ್ಲಿ ಮೂರು ಮಂದಿ ಕುಂತ್ಕಂತೀವಿ.”